ಆಲ್ಪ್ಸ್‌ನಲ್ಲಿ ಬೀಗರ ಬಿಡದಿ

ಇಂಗ್ಲೆಂಡಿನ ಕನ್ನಡ ಕುಟುಂಬಗಳು ಫೆಬ್ರವರಿಯ ಹಾಫ್ ಟರ್ಮ್ ರಜೆಗೆ ಆಲ್ಪ್ಸ್ ಬೆಟ್ಟಗಳಿಗೆ ಸ್ಕೀ ಮಾಡಲು ಹೋಗುವುದು ಈಗ ಸುದ್ದಿಯೇನಲ್ಲ. ಹೋಗುವುದಕ್ಕೆ ಕೊಡುವ ಕಾರಣಗಳು ಮಾತ್ರ ಒಂದಕ್ಕಿಂತ ಒಂದು ದುರ್ಬಲ. ಮಕ್ಕಳಿಗೆ ಹಿಮ ತೋರಿಸಬೇಕಂತೆ. ಆ ಮಕ್ಕಳು ಹುಟ್ಟಿದ್ದೇ ಬರ್ಮಿಂಗ್‌ಹ್ಯಾಮಿನಲ್ಲಿ. ಮೈಗೆ ಒಳ್ಳೆಯ ವ್ಯಾಯಾಮವಂತೆ. ವರ್ಷವಿಡೀ ಜಿಮ್ಮಿಗೆ ಚಂದಾ ಕಟ್ಟಿ ಅದರ ಬಾಗಿಲು ನೋಡದವರ ಬಾಯಲ್ಲಿ ಈ ಮಾತು. ಮಗಳ ಕ್ಲಾಸಿನವರೆಲ್ಲ ಹೋಗುತ್ತಾರಂತೆ. ಇದು ನಿಜ, ಆದರೆ ಎದೆ ತಟ್ಟಿಕೊಂಡು ಹೇಳುವ ಕಾರಣವಲ್ಲ. ನನ್ನ ವಾದ ಬೇರೆ. ಆಲ್ಪ್ಸ್‌ನ ಕೇಟರ್ಡ್ ಶ್ಯಾಲೆ, ಅಂದರೆ ಅಡುಗೆಯವರ ಸಮೇತ ಬಾಡಿಗೆಗೆ ಸಿಗುವ ಮರದ ಮನೆ, ಹೊರನಾಡ ಕನ್ನಡ ಕುಟುಂಬಕ್ಕೆ ಇರುವ ರಜೆಗಳಲ್ಲೆಲ್ಲ ಅತ್ಯುತ್ತಮವಾದದ್ದು. ಮತ್ತು ಆ ಉತ್ತಮಿಕೆಗೂ ಹಿಮಕ್ಕೂ ಯಾವ ಸಂಬಂಧವೂ ಇಲ್ಲ. ಅಲ್ಲಿ ಇಡೀ ಕುಟುಂಬ, ಮುಖ್ಯವಾಗಿ ಮನೆಯೊಡತಿ, ಒಂದು ವಾರದ ಮಟ್ಟಿಗೆ ಗಂಡಿನ ಕಡೆಯವರಾಗುತ್ತಾರೆ.

ಏರ್ಪಾಡನ್ನೇ ನೋಡಿ. ಶನಿವಾರ ಹೋಗಿ ಇಳಿದರೆ ಮುಂದಿನ ಶನಿವಾರದವರೆಗೆ ಒಲೆಯ ಮುಖ ನೋಡಬೇಕಿಲ್ಲ. ಬೆಳಿಗ್ಗೆ ಎದ್ದು ಬರುವಷ್ಟರಲ್ಲಿ ಗಂಜಿಯ ಹತ್ತಿರದ ಬಂಧು ಪಾರಿಜ್, ಬ್ರೆಡ್ಡು, ಮೊಟ್ಟೆ, ಕಾಫಿ ಮೇಜಿನ ಮೇಲಿರುತ್ತವೆ. ಸಂಜೆ ನಾಲ್ಕರ ಹೊತ್ತಿಗೆ ಚಹಾ ಮತ್ತು ಅದೇ ದಿನ ಬೇಯಿಸಿದ ಕೇಕು. ರಾತ್ರಿ ಮೂರು ಸುತ್ತಿನ ಊಟ, ಜೊತೆಗೆ ವೈನು. ಊರಿಂದ ಅತ್ತೆ ಮಾವ ಬಂದಿದ್ದರೆ ಅದೇ ವೈನು ದ್ರಾಕ್ಷಿ ರಸ. ತಟ್ಟೆ ತೊಳೆಯುವವರು ಬೇರೆ, ಕೋಣೆ ಗುಡಿಸುವವರು ಬೇರೆ ಎಂದೇನಿಲ್ಲ. ಎಲ್ಲವನ್ನೂ ಒಬ್ಬಿಬ್ಬರು ಯುವಕ ಯುವತಿಯರೇ ನಗುನಗುತ್ತಾ ಮುಗಿಸುತ್ತಾರೆ. ಕೇಳುವ ಮೊದಲೇ ಕಾಫಿ, ಹಸಿಯುವ ಮೊದಲೇ ತಿಂಡಿ, ಎದ್ದ ಮೇಲೆ ಹಾಸಿಗೆ ಸುತ್ತಿಡುವವರು ಇನ್ಯಾರೋ: ಹಳೇ ಮೈಸೂರಿನ ಮದುವೆಗಳಲ್ಲಿ ಈ ಸುಖ ಬೀಗರ ಬಿಡದಿಯಲ್ಲಿ ಮಾತ್ರ ಇರುತ್ತಿತ್ತು. ವ್ಯತ್ಯಾಸ ಇಷ್ಟೇ. ಬಿಡದಿಯ ಸುಖದ ಹಿಂದೆ ಹೆಣ್ಣಿನ ತಂದೆಯ ಸಾಲವೂ ಹೆಣ್ಣಿನ ತಾಯಿಯ ಕಣ್ಣೀರೂ ಇರುತ್ತಿದ್ದವು. ಇಲ್ಲಿ ಇರುವುದು ನಿಮ್ಮದೇ ಕ್ರೆಡಿಟ್ ಕಾರ್ಡು. ಬೇರೆಯವರ ಗೋಳಿಲ್ಲದೆ ಬೀಗರಾಗುವ ಭಾಗ್ಯ ಇನ್ನೆಲ್ಲಿದೆ?

ಉಳಿದ ರಜೆಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ವಾದ ಇನ್ನೂ ಗಟ್ಟಿಯಾಗುತ್ತದೆ. ಊರಿಗೆ ಹೋಗುವುದು ರಜೆಯಲ್ಲ, ಪ್ರವಾಸ ಕಾರ್ಯಕ್ರಮ. ಜಯನಗರದಲ್ಲಿ ಊಟ ಮಾಡಿ ಮಲ್ಲೇಶ್ವರದಲ್ಲಿ ಮತ್ತೆ ಊಟ ಮಾಡಿ, ರಾಜಾಜಿನಗರದ ಚಿಕ್ಕಮ್ಮನಿಗೆ ಕಾಫಿಯಷ್ಟೇ ಸಾಕು ಎಂದದ್ದಕ್ಕೆ ಮುಂದಿನ ವರ್ಷದವರೆಗೆ ಮುನಿಸು ಕಟ್ಟಿಕೊಂಡು ಬರುವುದು. ಲೇಕ್ ಡಿಸ್ಟ್ರಿಕ್ಟಿನ ಕಾಟೇಜಿಗೆ ಹೋದರೆ ಆಗುವುದು ಅಡುಗೆಮನೆಯ ಸ್ಥಳಾಂತರ: ಕಾರಿನ ಡಿಕ್ಕಿಯಲ್ಲಿ ಸೋನಾ ಮಸೂರಿ, ಸಾರಿನ ಪುಡಿ, ಕುಕ್ಕರು, ಅದರ ಬದಲಿ ಗ್ಯಾಸ್ಕೆಟ್ಟು. ಕೆರೆ ನೋಡಲು ಗಂಡ ಮಕ್ಕಳು ಹೋಗುತ್ತಾರೆ. ಕುಕ್ಕರಿನ ಕೂಗು ಎಣಿಸಲು ಒಬ್ಬರು ಉಳಿಯುತ್ತಾರೆ. ಹೋಟೆಲಿಗೆ ಹೋದರೆ ಬೆಳಗಿನ ತಿಂಡಿ ಮುಗಿದ ಕೂಡಲೇ ರಾತ್ರಿ ಊಟ ಎಲ್ಲಿ ಎಂಬ ಸಂಶೋಧನೆ ಶುರುವಾಗುತ್ತದೆ. ನಾಲ್ವರು ನಾಲ್ಕು ಫೋನಿನಲ್ಲಿ ವಿಮರ್ಶೆ ಓದಿ, ಮಳೆಯಲ್ಲಿ ನಡೆದು, ಕೊನೆಗೆ ಕೋಣೆಗೆ ಮರಳಿ ಕೆಟಲ್ ನೀರಿನಲ್ಲಿ ಅವಲಕ್ಕಿ ನೆನೆಸುವುದು. ಈ ಎಲ್ಲದರಲ್ಲೂ ತಪ್ಪದೆ ಉಳಿಯುವುದು ಒಂದೇ ಪ್ರಶ್ನೆ: ಇವತ್ತು ಏನು ಅಡುಗೆ? ಅಡುಗೆ ಮಾಡುವುದಕ್ಕಿಂತ ದೊಡ್ಡ ದಣಿವು ಈ ಪ್ರಶ್ನೆಗೆ ದಿನವೂ ಉತ್ತರ ಕೊಡುವುದು. ಶ್ಯಾಲೆಯಲ್ಲಿ ಉತ್ತರ ಕೊಡುವವರು ಬೇರೆ. ಆಯ್ಕೆಯೂ ಇಲ್ಲ, ಬಡಿಸಿದ್ದನ್ನು ಉಣ್ಣುವುದಷ್ಟೇ. ಆಯ್ಕೆ ಇಲ್ಲದಿರುವುದೇ ಇಲ್ಲಿನ ಐಷಾರಾಮ.

ನಮಗೂ ಸ್ಕೀಗೂ ಏನು ಸಂಬಂಧ ಎನ್ನುವ ಹಿರಿಯರಿಗೆ ಸ್ವಲ್ಪ ಚರಿತ್ರೆ ಹೇಳಬೇಕು. ಶ್ಯಾಲೆ ಎನ್ನುವುದು ಮೊದಲಿಗೆ ಬೇಸಿಗೆಯಲ್ಲಿ ದನ ಮೇಯಿಸಲು ಬೆಟ್ಟ ಹತ್ತಿದವರು ತಂಗಿ, ಚೀಸ್ ಮಾಡಿಕೊಳ್ಳುತ್ತಿದ್ದ ಗುಡಿಸಲು. ಅದನ್ನು ಅಡುಗೆಯವರಿರುವ ರಜೆಮನೆ ಮಾಡಿಕೊಂಡವರು ಬ್ರಿಟಿಷರು. ಫ್ರಾನ್ಸಿನ ಮೆರಿಬೆಲ್ ಎಂಬ ಸ್ಕೀ ಊರಿಗೆ 1938ರಲ್ಲಿ ಬುನಾದಿ ಹಾಕಿದವನು ಪೀಟರ್ ಲಿಂಡ್ಸೆ ಎಂಬ ಬ್ರಿಟಿಷನೇ. ಸ್ವಿಟ್ಜರ್ಲೆಂಡಿನ ಮ್ಯುರೆನ್‌ನಲ್ಲಿ 1922ರಲ್ಲಿ ಈಗಿನ ರೀತಿಯ ಸ್ಲಾಲಮ್, ಅಂದರೆ ನೆಟ್ಟ ಕಂಬಗಳನ್ನು ಬಳಸಿಕೊಂಡು ಜಾರಿ ಇಳಿಯುವ ಸ್ಪರ್ಧೆಯನ್ನು ಏರ್ಪಡಿಸಿದ ಆರ್ನಾಲ್ಡ್ ಲನ್ ಹುಟ್ಟಿದ್ದು 1888ರಲ್ಲಿ, ಮದರಾಸಿನಲ್ಲಿ. ಹೀಗಿರುವಾಗ ದಕ್ಷಿಣದವರಿಗೆ ಜಾರುವುದು ಒಗ್ಗದು ಎನ್ನುವುದು ದಾಖಲೆಗೆ ವಿರುದ್ಧ. ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡಿನ ಅನುಕೂಲಸ್ಥರ ಮನೆಗಳಿಂದ ಅಡುಗೆಯಾಳುಗಳು ಮಾಯವಾದರು. ವರ್ಷವಿಡೀ ಸಿಗದ ಆಳನ್ನು ವಾರಕ್ಕಾದರೂ ಪಡೆಯುವ ಉಪಾಯವಾಗಿ ಶ್ಯಾಲೆ ಬೆಳೆಯಿತೆಂದರೆ ತಪ್ಪಾಗದು. ಬೆಂಗಳೂರಿನ ದಂಡಿನಲ್ಲಿ ಬಟ್ಲರನ ಕೈಯಡುಗೆ ಉಂಡವರ ಮರಿಮೊಮ್ಮಕ್ಕಳು ಇವತ್ತು ದಾವಣಗೆರೆಯಿಂದ ಹೋದ ಡಾಕ್ಟರರ ಸಂಸಾರಕ್ಕೆ ಕೇಕು ಬೇಯಿಸುತ್ತಿದ್ದರೆ ಅದನ್ನು ಸೇಡು ಎನ್ನಬೇಕಿಲ್ಲ. ತಡವಾಗಿ ಬಂದ ಬಡ್ಡಿ ಎನ್ನಬಹುದು.

ಈಗ ಆಕ್ಷೇಪಣೆಗಳು. ಮೊದಲನೆಯದು ಸಸ್ಯಾಹಾರಿಗಳದು, ಮತ್ತು ಅದು ನ್ಯಾಯವಾದದ್ದೇ. ಸವೊಯ್ ಸೀಮೆಯ ಹೆಸರಾಂತ ತಾರ್ತಿಫ್ಲೆತ್ ಎಂಬ ಆಲೂಗಡ್ಡೆ ಭಕ್ಷ್ಯದಲ್ಲಿ ಹಂದಿಮಾಂಸದ ಚೂರುಗಳಿರುತ್ತವೆ. ಅವನ್ನು ಆರಿಸಿ ತೆಗೆದರೂ ಉಳಿಯುವ ರೆಬ್ಲೊಶೋ ಚೀಸು ಹೆಪ್ಪುಗಟ್ಟುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಬೊಫೋರ್ ಚೀಸಿನ ಕಥೆಯೂ ಅದೇ. ಆದರೆ ಈ ಆಕ್ಷೇಪಣೆ ಆಲ್ಪ್ಸ್‌ನ ರೆಸ್ಟೋರೆಂಟಿಗೆ ಅನ್ವಯಿಸುವಷ್ಟು ಶ್ಯಾಲೆಗೆ ಅನ್ವಯಿಸುವುದಿಲ್ಲ. ರೆಸ್ಟೋರೆಂಟಿನಲ್ಲಿ ಪ್ರಶ್ನೆ ಕೇಳುವುದು ತಟ್ಟೆ ಬಂದ ಮೇಲೆ. ಶ್ಯಾಲೆಯಲ್ಲಿ ಬುಕಿಂಗ್ ಮಾಡುವಾಗಲೇ ಕೇಳುತ್ತಾರೆ, ಸಾಮಾನು ತರುವ ಮೊದಲೇ ಅಡುಗೆಯವರಿಗೆ ಗೊತ್ತಿರುತ್ತದೆ. ಸಮಸ್ಯೆ ಇರುವುದು ನಮ್ಮ ಉತ್ತರದಲ್ಲಿ. ವೆಜಿಟೇರಿಯನ್ ಎಂದಷ್ಟೇ ಬರೆದು, ಮೊಟ್ಟೆ ಕೇಕಿನಲ್ಲಾದರೆ ಸರಿ ಆಮ್ಲೆಟ್ಟಿನಲ್ಲಿ ಬೇಡ, ಏಕಾದಶಿಯ ದಿನ ಅದೂ ಬೇಡ ಎಂಬ ಉಪನಿಯಮಗಳನ್ನು ಮನಸ್ಸಿನಲ್ಲೇ ಇಟ್ಟುಕೊಂಡರೆ ಹತ್ತೊಂಬತ್ತರ ಹುಡುಗಿ ಏನು ಮಾಡಬೇಕು? ಸ್ಪಷ್ಟವಾಗಿ ಬರೆದರೆ ಅಣಬೆಯ ರಿಸೊಟ್ಟೊ, ಕುಂಬಳದ ಸೂಪು ಬರುತ್ತವೆ. ಸಪ್ಪೆಯೆನಿಸಿದರೆ ಚಟ್ನಿಪುಡಿಯ ಡಬ್ಬಿ ತೆಗೆಯುವುದು ಬೀಗರ ಹಕ್ಕು. ಊಟದಲ್ಲಿ ಏನೂ ಕೊರತೆ ಕಾಣದ ಬೀಗರನ್ನು ಯಾರು ನಂಬುತ್ತಾರೆ? ಇಷ್ಟೆಲ್ಲ ಏಕೆ, ಅಲ್ಲೇ ಒಂದು ಫ್ಲ್ಯಾಟ್ ಹಿಡಿದು ಅನ್ನ ಸಾರು ಮಾಡಿಕೊಳ್ಳಬಹುದಲ್ಲ ಎನ್ನುವವರು ಭೌತಶಾಸ್ತ್ರಕ್ಕೆ ಉತ್ತರ ಕೊಡಲಿ. 2,300 ಮೀಟರ್ ಎತ್ತರದ ವಾಲ್ ತೊರೆನ್ಸ್‌ನಲ್ಲಿ ನೀರು ಕುದಿಯುವುದು ಸುಮಾರು 92 ಡಿಗ್ರಿಯಲ್ಲಿ. ಅಲ್ಲಿ ತೆರೆದ ಪಾತ್ರೆಯಲ್ಲಿಟ್ಟ ತೊಗರಿಬೇಳೆ ಬೇಗ ಮಣಿಯುವುದಿಲ್ಲ.

ಎರಡನೆಯ ಆಕ್ಷೇಪಣೆ: ಸ್ಕೀ ಬಾರದವರು ಅಲ್ಲಿ ಮಾಡುವುದೇನು? ಏನೂ ಮಾಡದಿರುವುದು, ಮತ್ತು ಇದನ್ನು ಗುಣವೆಂದೇ ಎಣಿಸಬೇಕು. ಬೆಳಿಗ್ಗೆ ಒಂಬತ್ತಕ್ಕೆ ಮಕ್ಕಳು ಸ್ಕೀ ಸ್ಕೂಲಿಗೆ, ಗಂಡ ತನ್ನ ಮಂಡಿಯ ಭವಿಷ್ಯ ಪರೀಕ್ಷಿಸಲು ಇಳಿಜಾರಿಗೆ ಹೋದ ಮೇಲೆ ಮನೆ ಸಂಜೆಯವರೆಗೆ ಖಾಲಿ. ಬೆಂಕಿ ಉರಿಯುತ್ತಿರುತ್ತದೆ, ಕಿಟಕಿಯ ಹೊರಗೆ ಬೆಟ್ಟವಿರುತ್ತದೆ, ಕೈಯಲ್ಲಿ ಕಾದಂಬರಿ ಇರುತ್ತದೆ, ಯಾರೂ ಅಮ್ಮಾ ಎಂದು ಕರೆಯುವುದಿಲ್ಲ. ಮಕ್ಕಳ ಸ್ಕೀ ಸ್ಕೂಲಿನಲ್ಲಿ ಮಾತ್ರ ನಮ್ಮವರಿಗೆ ಒಂದು ಇಕ್ಕಟ್ಟಿದೆ. ಫ್ರೆಂಚ್ ಶಿಕ್ಷಕರು ವಾರದ ಕೊನೆಗೆ ಪಿಯು ಪಿಯು, ಉರ್ಸೋ, ಫ್ಲೊಕೋ ಎಂದು ಹಂತಕ್ಕೊಂದು ಪದಕ ಕೊಡುತ್ತಾರೆ, ರ‍್ಯಾಂಕು ಕೊಡುವುದಿಲ್ಲ. ಮಗ ಎಷ್ಟನೆಯವನು ಎಂದು ತಿಳಿಯದೆ ಕನ್ನಡದ ತಂದೆ ಜಿನೀವಾ ವಿಮಾನ ನಿಲ್ದಾಣದವರೆಗೂ ಚಡಪಡಿಸುತ್ತಾನೆ. ಅದನ್ನು ಶ್ಯಾಲೆಯ ದೋಷವೆಂದು ಲೆಕ್ಕ ಹಾಕಲಾಗದು.

ಮೂರನೆಯದು ಖರ್ಚು. ಇದರಲ್ಲಿ ವಾದಕ್ಕೆ ಎಡೆಯಿಲ್ಲ, ದುಬಾರಿಯೇ. ಮೆರಿಬೆಲ್, ಕೂರ್ಶೆವೆಲ್‌ಗಳಿರುವ ತ್ರೋವಾ ವಾಲೆಯಲ್ಲಿ ದೊಡ್ಡವರೊಬ್ಬರಿಗೆ ಆರು ದಿನದ ಲಿಫ್ಟ್ ಪಾಸಿಗೇ 300 ಯೂರೋಗಿಂತ ಹೆಚ್ಚು. ಬೂಟು, ಹಲಗೆ, ಪಾಠ, ವಿಮೆ ಬೇರೆ. ಹಾಫ್ ಟರ್ಮಿನಲ್ಲಿ ಎಲ್ಲದರ ಬೆಲೆಯೂ ಏರುತ್ತದೆ. ಬ್ರೆಕ್ಸಿಟ್ ನಂತರ, 2021ರಿಂದ, ಬ್ರಿಟಿಷ್ ಹುಡುಗ ಹುಡುಗಿಯರು ಮೊದಲಿನ ಹಾಗೆ ಪರವಾನಗಿ ಇಲ್ಲದೆ ಅಲ್ಲಿಗೆ ಹೋಗಿ ಋತುವಿಡೀ ಕೆಲಸ ಮಾಡುವಂತಿಲ್ಲ. ಅಡುಗೆಯವರಿರುವ ಶ್ಯಾಲೆಗಳೂ ಕಡಿಮೆಯಾಗಿವೆ. ಕಾಟೇಜ್ ಇದಕ್ಕಿಂತ ಎಷ್ಟೋ ಅಗ್ಗ ಎನ್ನುತ್ತಾರೆ. ಆದರೆ ಕಾಟೇಜಿನ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿದೆ. ಏಳು ದಿನ, ದಿನಕ್ಕೆ ಮೂರು ಹೊತ್ತು ಬೇಯಿಸಿ, ಬಡಿಸಿ, ತೊಳೆದವರ ದುಡಿಮೆಗೆ ಅಲ್ಲಿ ಸೊನ್ನೆ ಎಂದು ಬರೆದಿದ್ದೇವೆ. ಶ್ಯಾಲೆಯ ಬಿಲ್ಲು ದೊಡ್ಡದಾಗಿ ಕಾಣುವುದಕ್ಕೆ ಒಂದು ಕಾರಣ, ಅದು ಆ ದುಡಿಮೆಗೆ ಬೆಲೆ ಕಟ್ಟಿರುವುದು. ಎಂಟು ಪೌಂಡಿನ ಪಾರ್ಕಿಂಗಿಗೆ ಮುಖ ಸಿಂಡರಿಸುವ ನಮ್ಮ ಲೆಕ್ಕಿಗರಿಗೆ ಈ ಸೊನ್ನೆ ಮಾತ್ರ ಇಷ್ಟು ವರ್ಷ ಕಾಣಲೇ ಇಲ್ಲ.

ಈ ಸೊನ್ನೆಯ ವಿಷಯದಲ್ಲಿ ಶ್ಯಾಲೆಯ ಒಂದು ಕಟ್ಟಳೆ ನಮಗೆ ಪಾಠ. ವಾರದಲ್ಲಿ ಒಂದು ರಾತ್ರಿ ಅಡುಗೆಯವರಿಗೆ ರಜೆ. ಏಳು ರಾತ್ರಿಗೆ ದುಡ್ಡು ಕೊಟ್ಟಿದ್ದರೂ ಊಟ ಆರೇ. ಆ ರಾತ್ರಿ ಕನ್ಸಲ್ಟೆಂಟ್ ಡಾಕ್ಟರು, ಸಾಫ್ಟ್‌ವೇರ್ ಮ್ಯಾನೇಜರು, ಎಲ್ಲರೂ ತುಟಿಪಿಟಕ್ ಎನ್ನದೆ ಹೊರಗೆ ಹೋಗಿ ಊಟ ಹುಡುಕುತ್ತಾರೆ. ಪಾಪ, ಆ ಹುಡುಗಿಗೂ ವಿಶ್ರಾಂತಿ ಬೇಡವೇ ಎಂದು ಉದಾರವಾಗಿ ಮಾತಾಡುತ್ತಾರೆ. ನಾಲ್ಕು ತಿಂಗಳು ದುಡಿಯುವ ಹುಡುಗಿಗೆ ವಾರಕ್ಕೊಂದು ರಾತ್ರಿ ಬಿಡುವು ನ್ಯಾಯವಾದರೆ, ಇಪ್ಪತ್ತು ವರ್ಷದಿಂದ ಆಸ್ಪತ್ರೆಯ ಅಥವಾ ಆಫೀಸಿನ ಕೆಲಸದ ಜೊತೆಗೆ ಒಲೆಯನ್ನೂ ನಡೆಸಿಕೊಂಡು ಬಂದವರಿಗೆ ಎಷ್ಟು ರಾತ್ರಿ ನ್ಯಾಯ? ಆಲ್ಪ್ಸ್‌ಗೆ ಹೋಗುವ ಶಕ್ತಿ ಇದ್ದರೆ ಖಂಡಿತ ಹೋಗಿ, ಬೀಗರಾಗಿ ಬನ್ನಿ. ಶಕ್ತಿ ಇಲ್ಲದಿದ್ದರೂ ಅಲ್ಲಿನ ಈ ಒಂದು ಕಟ್ಟಳೆಯನ್ನು ಲೆಸ್ಟರಿನಲ್ಲಾಗಲಿ ಸ್ಲೌನಲ್ಲಾಗಲಿ ಜಾರಿಗೆ ತರಬಹುದು. ಈ ಬುಧವಾರವೇ ಶುರು ಮಾಡಿ. ಅದಕ್ಕೆ ಹಿಮವೂ ಬೇಡ, ಬುಕಿಂಗೂ ಬೇಡ.