ನಂದಿ ತಪ್ಪಲಿನ ದ್ರಾಕ್ಷಾರಸಿಕ

ಬೆಂಗಳೂರಿನ ಉತ್ತರಕ್ಕೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ನಡುವೆ ನಂದಿಬೆಟ್ಟವನ್ನು ಬಳಸಿಕೊಂಡಿರುವ ದ್ರಾಕ್ಷಿ ಸೀಮೆಯಲ್ಲಿ ಶನಿವಾರದ ಬೆಳಗಿನ ಹೊತ್ತು ಕಾಣಸಿಗುವ ಮಾನವ ಪ್ರಭೇದಗಳಲ್ಲಿ ಮೂರು ಮುಖ್ಯವಾದವು: ಸೂರ್ಯೋದಯ ನೋಡಲು ಬೆಟ್ಟ ಹತ್ತಿ ಮಂಜನ್ನಷ್ಟೇ ಕಂಡು ಇಳಿಯುವವರು, ಸೈಕಲ್ ತುಳಿಯುತ್ತ ಬಂದು ಬೋಂಡಾ ಅಂಗಡಿಯ ಮುಂದೆ ವ್ಯಾಯಾಮವನ್ನು ಮುಗಿಸುವವರು, ಹಾಗೂ ಈ ಎರಡೂ ಗುಂಪುಗಳನ್ನು ಕನಿಕರದಿಂದ ನೋಡುತ್ತ ವೈನ್ ತೋಟದ ದಾರಿ ಹಿಡಿಯುವ ದ್ರಾಕ್ಷಾರಸಿಕರು. ಮೊದಲ ಎರಡು ಪ್ರಭೇದಗಳು ಈಗಾಗಲೇ ಸಾಕಷ್ಟು ಪರಿಚಿತವಾಗಿರುವುದರಿಂದ ಇಲ್ಲಿನ ವಿವೇಚನೆಯನ್ನು ಮೂರನೆಯದಕ್ಕೆ ಸೀಮಿತಗೊಳಿಸುವುದು ಉಚಿತ.

ದ್ರಾಕ್ಷಾರಸಿಕನೆಂದರೆ ವೈನನ್ನು ಕುಡಿಯುವುದಕ್ಕಿಂತ ಅದನ್ನು ಕುರಿತು ಮಾತಾಡುವುದರಲ್ಲಿ, ಮಾತಾಡುವುದಕ್ಕಿಂತ ತನ್ನ ಮಾತನ್ನು ನಾಲ್ಕು ಜನ ಕೇಳುವುದರಲ್ಲಿ ಹೆಚ್ಚಿನ ತೃಪ್ತಿ ಕಾಣುವ, ವಯಸ್ಸಿನಲ್ಲಿ ನಲವತ್ತರ ಆಚೀಚೆ ಇರುವ, ಮಾಹಿತಿ ತಂತ್ರಜ್ಞಾನದ ಉದ್ಯೋಗದಲ್ಲಿ ತಕ್ಕಮಟ್ಟಿಗೆ ಮೇಲೇರಿದ ಗೃಹಸ್ಥ. ಇವನನ್ನು ಕುಡುಕನೆಂದು ತಿಳಿಯುವುದು ದೊಡ್ಡ ಪ್ರಮಾದ. ಏಕೆಂದರೆ ಕುಡುಕನಲ್ಲಿ ಮದ್ಯ ಒಳಗೆ ಹೋದ ಮೇಲೆ ಮಾತು ಹೊರಗೆ ಬರುತ್ತದೆ, ರಸಿಕನಲ್ಲಾದರೋ ಮಾತೆಲ್ಲ ಹೊರಗೆ ಬಂದ ಮೇಲಷ್ಟೇ ಮದ್ಯ ಒಳಗೆ ಹೋಗುತ್ತದೆ. ಇವನ ಮೂಲವನ್ನು ಶೋಧಿಸಿದರೆ ಹೆಚ್ಚಿನ ಸಂದರ್ಭಗಳಲ್ಲಿ ತೀರ್ಥಹಳ್ಳಿ, ಕೊಪ್ಪ ಅಥವಾ ಸಿರಸಿಯ ಕಡೆಯ ಒಂದು ಅಡಿಕೆ ತೋಟ ಸಿಗುತ್ತದೆ. ಆದರೆ ತನ್ನ ಜೀವನಚರಿತ್ರೆಯನ್ನು ಇವನು ಆರಂಭಿಸುವುದು ಆ ತೋಟದಿಂದಲ್ಲ, ಕಂಪನಿಯ ಕೆಲಸದ ಮೇಲೆ ಫ್ರಾನ್ಸಿಗೆ ಹೋಗಿದ್ದಾಗ ಬೋರ್ಡೋ ನಗರದ ಹತ್ತಿರದ ಸೇಂಟ್ ಎಮಿಲಿಯೋಂ ಎಂಬ ಊರನ್ನು ಬಸ್ಸಿನಲ್ಲಿ ಸುತ್ತಿದ ಒಂದು ಮಧ್ಯಾಹ್ನದಿಂದ. ಆ ಊರು ಮತ್ತು ಅದರ ದ್ರಾಕ್ಷಿ ಸೀಮೆ 1999ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದನ್ನು ಇವನು ಬಲ್ಲ, ಸಂದರ್ಭ ಇರಲಿ ಇಲ್ಲದಿರಲಿ ಹೇಳಲೂ ಬಲ್ಲ.

ನಂದಿ ಸೀಮೆಗೆ ಹೇಳಿಕೊಳ್ಳುವಂಥ ಚರಿತ್ರೆ ಇಲ್ಲವೆಂದೇನಲ್ಲ. ಬೆಂಗಳೂರು ನೀಲಿ ಎಂಬ ದಪ್ಪ ಸಿಪ್ಪೆಯ, ತೀಕ್ಷ್ಣ ಪರಿಮಳದ ದ್ರಾಕ್ಷಿಯನ್ನು ಇಲ್ಲಿಯ ರೈತರು ತಲೆಮಾರುಗಳಿಂದ ಚಪ್ಪರದ ಮೇಲೆ ಹಬ್ಬಿಸಿ ಬೆಳೆಯುತ್ತಿದ್ದಾರೆ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ, ಅಂದರೆ ಒಂದು ಪದಾರ್ಥದ ಹೆಸರನ್ನು ಅದು ಹುಟ್ಟಿದ ನೆಲಕ್ಕೇ ಮೀಸಲಿಡುವ ಕಾನೂನಿನ ಮಾನ್ಯತೆ ದೊರಕಿತು. ವೈನಿಗೆಂದೇ ಬೆಳೆಯುವ ಫ್ರೆಂಚ್ ತಳಿಗಳು ಬಂದದ್ದು 1980ರ ದಶಕದಲ್ಲಿ, ಉದ್ಯಮಿ ಕನ್ವಲ್ ಗ್ರೋವರ್ ಅವರು ಶಾಂಪೇನ್ ಪ್ರಾಂತದ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ದೊಡ್ಡಬಳ್ಳಾಪುರದ ಬಳಿ ತೋಟ ಹಾಕಿದಾಗ; ಮುಂದಿನ ದಶಕದಲ್ಲಿ ಬೋರ್ಡೋ ಕಡೆಯ ಪ್ರಸಿದ್ಧ ಸಲಹೆಗಾರ ಮಿಷೆಲ್ ರೋಲಾಂ ಅವರೂ ಅದಕ್ಕೆ ಕೈಜೋಡಿಸಿದರು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನಿಗೆಂದು ಪ್ರತ್ಯೇಕ ನೀತಿಯನ್ನೇ ರೂಪಿಸಿತು. ರಸಿಕನಿಗೆ ಇವುಗಳಲ್ಲಿ ರೋಲಾಂ ಅವರ ಹೆಸರು ಮಾತ್ರ ಕಂಠಸ್ಥ. ಬೆಂಗಳೂರು ನೀಲಿಯನ್ನು ಇವನು ದೇವನಹಳ್ಳಿಯ ರಸ್ತೆ ಬದಿಯಲ್ಲಿ ಚೌಕಾಸಿ ಮಾಡಿ ಕೊಂಡು, ಕಾರಿನ ಹಿಂದಿನ ಸೀಟಿನಲ್ಲಿಟ್ಟು, ದಾರಿಯುದ್ದಕ್ಕೂ ತಿಂದು ಬೀಜ ಉಗುಳುವನೇ ಹೊರತು ದ್ರಾಕ್ಷಿಗಳ ಸಾಲಿಗೆ ಸೇರಿಸುವುದಿಲ್ಲ.

ಇವನ ಪ್ರವಾಸದ ಅತ್ಯಂತ ಸೂಕ್ಷ್ಮ ಭಾಗ ವೈನಿಗೆ ಸಂಬಂಧಿಸಿದ್ದಲ್ಲ, ದೇವಸ್ಥಾನಕ್ಕೆ ಸಂಬಂಧಿಸಿದ್ದು. ನಂದಿ ಗ್ರಾಮದಲ್ಲಿ ಒಂಬತ್ತನೆಯ ಶತಮಾನದಷ್ಟು ಹಳೆಯ ಭೋಗನಂದೀಶ್ವರ ದೇವಾಲಯವಿದೆ. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಎಂಬ ಜೋಡಿ ಗುಡಿಗಳ ನಡುವೆ ಉಮಾಮಹೇಶ್ವರ ಗುಡಿ, ಅದರ ಮುಂದೆ ಕರಿಕಲ್ಲಿನ ಕಂಬಗಳ ಕಲ್ಯಾಣ ಮಂಟಪ, ಆಚೆಗೆ ನಾಲ್ಕೂ ಕಡೆ ಮೆಟ್ಟಿಲುಗಳಿಳಿದ ದೊಡ್ಡ ಕಲ್ಯಾಣಿ ಇರುವ ಈ ಕಟ್ಟಡ ಸಮೂಹವನ್ನು ನೋಡಿ ಮುಗಿಸಲು ಅರ್ಧ ದಿನವಾದರೂ ಬೇಕು. ಪರಂಪರೆಯೂ ಪ್ರವಾಸದ ಅಂಗವೆಂದು ಸ್ನೇಹಿತರಿಗೆ ಕಳಿಸಿದ ಕಾರ್ಯಕ್ರಮ ಪಟ್ಟಿಯಲ್ಲಿ ಬರೆದಿರುವುದರಿಂದ ರಸಿಕನು ಇದನ್ನು ಬಿಡುವಂತಿಲ್ಲ; ವೈನ್ ಕುಡಿದು ಗುಡಿಗೆ ಹೋಗುವುದಕ್ಕೆ ಪತ್ನಿ ಒಪ್ಪುವುದಿಲ್ಲ; ಸ್ನಾನ ಮಾಡದೆ ಹೋಗುವುದಕ್ಕೆ ಇವನ ಮನಸ್ಸೇ ಒಪ್ಪುವುದಿಲ್ಲ. ಈ ಮೂರು ವಿಧಿಗಳು ಸೇರಿ, ಮೊದಲು ಸ್ನಾನ, ಆಮೇಲೆ ದೇವರು, ಕೊನೆಗೆ ದ್ರಾಕ್ಷಾರಸ ಎಂಬ ಅಚಲ ಕ್ರಮ ಏರ್ಪಟ್ಟಿದೆ. ರುಚಿ ನೋಡುವ ಸರದಿ ಹನ್ನೊಂದೂವರೆಗೆ ನಿಗದಿಯಾಗಿರುವುದರಿಂದ ಗಂಗರು, ನೊಳಂಬರು, ಚೋಳರು, ವಿಜಯನಗರದವರು ಎಲ್ಲರೂ ಸೇರಿ ಶತಮಾನಗಳ ಕಾಲ ಕೆತ್ತಿಸಿದ್ದನ್ನು ಇವನು ಇಪ್ಪತ್ತು ನಿಮಿಷಗಳಲ್ಲಿ ಮುಗಿಸುತ್ತಾನೆ. ಹಣೆಯ ಮೇಲಿನ ವಿಭೂತಿಯನ್ನು ವೈನರಿಯ ಬಾಗಿಲಲ್ಲಿ ಒರೆಸಬೇಕೇ ಬೇಡವೇ ಎಂಬುದರ ಬಗ್ಗೆ ಮಾತ್ರ ರಸಿಕರಲ್ಲಿ ಇನ್ನೂ ಏಕಾಭಿಪ್ರಾಯವಿಲ್ಲ.

ತೋಟದೊಳಗೆ ಕಾಲಿಟ್ಟ ಕೂಡಲೇ ಇವನು ಬಗ್ಗಿ ಒಂದು ಹಿಡಿ ಕೆಂಪು ಮಣ್ಣನ್ನು ಎತ್ತಿಕೊಂಡು ಟೆರ್ವಾರ್ ಎನ್ನುತ್ತಾನೆ. ಮಣ್ಣು, ಇಳಿಜಾರು, ಮಳೆ, ಬಿಸಿಲು, ಬೆಳೆಗಾರನ ರೂಢಿ ಎಲ್ಲವೂ ಕೂಡಿ ಒಂದು ಸ್ಥಳದ ವೈನಿಗೆ ಕೊಡುವ ಗುಣಕ್ಕೆ ಫ್ರೆಂಚರಿಟ್ಟ ಹೆಸರದು; ಅದನ್ನು ಉಚ್ಚರಿಸುವಾಗ ಇವನ ಕೊರಳಿನಿಂದ ಹೊರಡುವ ಧ್ವನಿಗೆ ಗುಂಪಿನ ಮಕ್ಕಳು ಹೆದರುವುದುಂಟು. ತೋಟ ತೋರಿಸುವ ಹುಡುಗ ಇದಕ್ಕಿಂತ ಕುತೂಹಲಕರವಾದ ಸಂಗತಿಯೊಂದನ್ನು ಹೇಳುತ್ತಿರುತ್ತಾನೆ: ಯುರೋಪಿನಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ದೆ ಹೋಗುತ್ತದೆ, ಇಲ್ಲಿ ಅಂಥ ಚಳಿಯಿಲ್ಲದ ಕಾರಣ ಬಳ್ಳಿ ಮಲಗುವುದೇ ಇಲ್ಲ, ಆದ್ದರಿಂದ ವರ್ಷಕ್ಕೆ ಎರಡು ಬಾರಿ ಕತ್ತರಿಸಬೇಕು, ಬೇಸಿಗೆಯದು ಕಡ್ಡಿ ಬಲಿಯಲು, ಮಳೆಗಾಲ ಹಿಂದೆ ಸರಿಯುವಾಗಿನದು ಹಣ್ಣು ಕಚ್ಚಲು, ಹಾಗೆ ಮಾಡಿದರೆ ಫ್ರಾನ್ಸಿನಲ್ಲಿ ಸೆಪ್ಟೆಂಬರಿನ ಸುಮಾರಿಗೆ ನಡೆಯುವ ಕೊಯ್ಲು ಇಲ್ಲಿ ಫೆಬ್ರವರಿ, ಮಾರ್ಚಿಗೆ ಬರುತ್ತದೆ. ರಸಿಕನಿಗೆ ಇದು ಕೇಳಿಸುವುದಿಲ್ಲ. ಅವನು ಬಳ್ಳಿಗಳ ಸಾಲಿನ ಕೊನೆಯಲ್ಲಿ, ಹಿಂದಿನ ಕೊಳವೆಬಾವಿಯ ಪಂಪ್ ಮನೆ ಚಿತ್ರದಲ್ಲಿ ಬಾರದ ಹಾಗೆ, ಇಟಲಿಯ ಟಸ್ಕನಿಯಂತೆಯೇ ಕಾಣುವ ಒಂದು ಕೋನವನ್ನು ಹುಡುಕುತ್ತಿರುತ್ತಾನೆ.

ರಸಿಕನ ನಿಜವಾದ ರಂಗಸ್ಥಳ ರುಚಿ ನೋಡುವ ಮೇಜು. ಇಲ್ಲಿ ಪ್ರತಿ ಲೋಟದಲ್ಲೂ ಎರಡು ಗುಟುಕಿನಷ್ಟು ವೈನ್ ಹಾಕಿ, ಬಣ್ಣ ನೋಡಿ, ಲೋಟ ತಿರುಗಿಸಿ, ಮೂಸಿ, ಬಾಯಲ್ಲಿ ಹೊರಳಾಡಿಸುವ ಕ್ರಮವನ್ನು ಕಲಿಸುತ್ತಾರೆ. ವೃತ್ತಿಯವರು ಕೊನೆಯಲ್ಲಿ ಅದನ್ನು ಪಕ್ಕದ ಪಾತ್ರೆಗೆ ಉಗುಳುತ್ತಾರೆ, ಇಲ್ಲವಾದರೆ ದಿನಕ್ಕೆ ಹಲವಾರು ವೈನುಗಳನ್ನು ತೂಗಿ ನೋಡುವುದು ಅವರಿಗೆ ಸಾಧ್ಯವಾಗದು. ಉಗುಳುವುದು ಪರಮ ನಾಗರಿಕ ಲಕ್ಷಣವೆಂದು ಎಲ್ಲೆಡೆ ಸಾರುವ ರಸಿಕನು, ಟಿಕೇಟಿಗೆ ಕೊಟ್ಟ ಹಣದ ನೆನಪಾಗಿ, ತಾನು ಮಾತ್ರ ಪ್ರತಿ ಸಲವೂ ನುಂಗುತ್ತಾನೆ. ಇವನ ಮೊಬೈಲಿನಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆನ್ ನೋಬಲ್ 1980ರ ದಶಕದಲ್ಲಿ ರೂಪಿಸಿದ ಪರಿಮಳ ಚಕ್ರವಿರುತ್ತದೆ. ವೈನ್ ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮೊಂಡು ಮಾತುಗಳ ಬದಲು ಇಂಥ ಹಣ್ಣು, ಇಂಥ ಹೂವು, ಇಂಥ ಮಸಾಲೆಯ ವಾಸನೆ ಎಂದು ಸ್ಪಷ್ಟವಾಗಿ ಹೇಳಲು ನೆರವಾಗಲಿ ಎಂದು ಮಾಡಿದ ವರ್ತುಲಾಕಾರದ ಪಟ್ಟಿ ಅದು. ಜನರು ತಾವು ಬಲ್ಲ ವಾಸನೆಗಳನ್ನು ಗುರುತಿಸಲಿ ಎಂಬ ಉದ್ದೇಶದ ಈ ಪಟ್ಟಿಯನ್ನು ಹಿಡಿದು ರಸಿಕನು, ಜನ್ಮದಲ್ಲಿ ಕಂಡಿರದ ಬ್ಲ್ಯಾಕ್‌ಕರಂಟ್ ಹಣ್ಣನ್ನು ಮೊದಲ ಲೋಟದಲ್ಲೂ, ಚಿತ್ರದಲ್ಲಷ್ಟೇ ಕಂಡ ರಾಸ್‌ಬೆರಿಯನ್ನು ಎರಡನೆಯದರಲ್ಲೂ ನಿಸ್ಸಂಶಯವಾಗಿ ಗುರುತಿಸುತ್ತಾನೆ. ಅಂಗೈಯಲ್ಲಿ ಕಲೆ ಉಳಿಯುವಷ್ಟು ತಿಂದು ಬೆಳೆದ ನೇರಳೆ ಹಣ್ಣಿನ ನೆನಪು ಇವನಿಗೆ ಬಂದೇ ಬರುತ್ತದೆ, ಆದರೆ ಚಕ್ರದಲ್ಲಿ ಅದಿಲ್ಲದ್ದರಿಂದ ನುಂಗಿಕೊಳ್ಳುತ್ತಾನೆ.

ಶಿರಾಜ್ ಎಂಬ ಕೆಂಪು ವೈನ್ ಬಂದಾಗ ಪರಿಸ್ಥಿತಿ ಇನ್ನಷ್ಟು ಸ್ವಾರಸ್ಯಕರವಾಗುತ್ತದೆ. ಈ ತಳಿಯಲ್ಲಿ ಕಾಳುಮೆಣಸಿನ ವಾಸನೆ ಇರುವುದು ಹೋಲಿಕೆಯ ಮಾತಲ್ಲ. ರೊಟಂಡೋನ್ ಎಂಬ ಒಂದೇ ರಾಸಾಯನಿಕ ಎರಡರಲ್ಲೂ ಇರುವುದನ್ನು ಆಸ್ಟ್ರೇಲಿಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ್ದಾರೆ. ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯ ಕೆಳಗೆ ಬಾಲ್ಯ ಕಳೆದ, ಅಂಗಳದಲ್ಲಿ ಒಣಗುವ ಕಾಳಿನ ಘಾಟಿಗೆ ಸೀನುತ್ತ ಶಾಲೆಗೆ ಓಡಿದ ಮೂಗಿಗೆ ಇದಕ್ಕಿಂತ ಸುಲಭವಾದ ಪರೀಕ್ಷೆ ಇನ್ನೊಂದಿರಲಾರದು. ರಸಿಕನು ಕಣ್ಣು ಮುಚ್ಚಿ, ಬಹುಹೊತ್ತು ಮೂಸಿ, ದಕ್ಷಿಣ ಫ್ರಾನ್ಸಿನ ಕುರುಚಲು ಕಾಡುಗಳನ್ನು ಸ್ಮರಿಸುತ್ತಾನೆ. ಟ್ಯಾನಿನ್ ವಿಷಯವೂ ಹೀಗೆಯೇ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದಲೂ ಓಕ್ ಮರದ ಪೀಪಾಯಿಯಿಂದಲೂ ವೈನಿಗೆ ಇಳಿದು ನಾಲಿಗೆಯನ್ನು ಬಿಗಿಹಿಡಿಯುವ ಒಗರಿನ ಅಂಶ ಟ್ಯಾನಿನ್. ಎಳೆ ಅಡಿಕೆಯನ್ನು ಬೇಯಿಸಿದಾಗ ಹಂಡೆಯಲ್ಲಿ ಉಳಿದು ಗಟ್ಟಿಯಾಗುವ, ಮತ್ತೆ ಅಡಿಕೆಗೇ ಬಣ್ಣ ಕೊಡಲು ಬಳಸುವ ಚೊಗರಿನಲ್ಲಿ ತುಂಬಿರುವುದೂ ಅದೇ ಜಾತಿಯ ವಸ್ತು. ನುರಿತವರ ಮೂಗೂ ಮೋಸ ಹೋಗುತ್ತದೆಂಬುದನ್ನು ಇಲ್ಲಿ ರಸಿಕನ ಪರವಾಗಿ ಹೇಳಲೇಬೇಕು: 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ 54 ವೈನ್ ಶಾಸ್ತ್ರದ ವಿದ್ಯಾರ್ಥಿಗಳು, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ಮೂಸಿ, ಕೆಂಪು ವೈನಿಗೆ ಹೇಳುವ ಮಾತುಗಳನ್ನೇ ಹೇಳಿದ್ದರು.

ಊಟದ ವಿಷಯದಲ್ಲಿ ರಸಿಕನು ಯಾವ ವೈನಿಗೆ ಯಾವ ಪದಾರ್ಥ ಒಗ್ಗುತ್ತದೆಂಬುದನ್ನು ಜಾತಕ ಕೂಡಿಸುವ ಪುರೋಹಿತನಷ್ಟೇ ಗಂಭೀರವಾಗಿ ನಿರ್ಣಯಿಸುತ್ತಾನೆ, ಮತ್ತು ಚೀಸು, ಆಲಿವ್ ಕಾಯಿ, ಒಣ ಬಿಸ್ಕತ್ತುಗಳಾಚೆಗೆ ಗಣಗಳು ಕೂಡಿಬರುವುದೇ ಇಲ್ಲ. ಚಿಕ್ಕಬಳ್ಳಾಪುರದ ಸೀಮೆ ಮುದ್ದೆ, ಬಸ್ಸಾರು, ನಾಟಿಕೋಳಿ ಸಾರುಗಳಿಗೆ, ಚಳಿಗಾಲದಲ್ಲಿ ಹಿತಕಿದ ಅವರೆಬೇಳೆಗೆ ಹೆಸರಾದದ್ದು. ಖಾರದ ಉರಿಯನ್ನು ಮದ್ಯಸಾರ ಹೆಚ್ಚಿಸುತ್ತದೆಂಬುದು ನಿಜವಾದ್ದರಿಂದ ಮದ್ಯಸಾರ, ಒಗರು ಎರಡೂ ಹೆಚ್ಚಿರುವ ಕೆಂಪು ವೈನ್ ಬಸ್ಸಾರಿಗೆ ಒಗ್ಗದೆಂಬ ಇವನ ತೀರ್ಪಿಗೆ ಶಾಸ್ತ್ರದ ಆಧಾರವೂ ಉಂಟು. ಆದರೂ ತಟ್ಟೆಯಲ್ಲಿ ನಾಲ್ಕು ತುಂಡು ಚೀಸು ಮುಗಿದ ಮೇಲೆ ಹಸಿವು ಮುಗಿದಿರುವುದಿಲ್ಲ. ಆಗ ಪತ್ನಿಯ ಚೀಲದಿಂದ ಕೋಡುಬಳೆಯ ಡಬ್ಬಿ ಹೊರಬರುತ್ತದೆ, ಡಬ್ಬಿ ಒಂದು ಸುತ್ತು ತಿರುಗಿ ಬರುವಷ್ಟರಲ್ಲಿ ಬರಿದಾಗುತ್ತದೆ. ಹಿಂತಿರುಗುವಾಗ ಕಾರು ಓಡಿಸಬೇಕಾದ್ದರಿಂದ ಒಂದು ಹನಿಯನ್ನೂ ಮುಟ್ಟದ ಆಕೆ, ಎಲ್ಲ ಲೋಟಗಳನ್ನೂ ಒಮ್ಮೆ ಮೂಸಿ, ಕೋಡುಬಳೆಗೆ ತಣ್ಣಗಿರುವ ಬಿಳಿಯದೇ ಸರಿಯೆಂದು ಹೇಳಿ ಮುಗಿಸುತ್ತಾಳೆ. ಅದು ಸರಿಯಾಗಿಯೇ ಇರುತ್ತದೆ.

ಭಾರತೀಯರಿಗೆ ವೈನ್ ಸಂಸ್ಕೃತಿ ಇಲ್ಲವೆಂಬುದು ಈ ಹಂತದಲ್ಲಿ ರಸಿಕನ ಬಾಯಿಂದ ತಪ್ಪದೆ ಬರುವ ಮಾತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ, ಎಂದರೆ ಮದ್ಯದ ವ್ಯವಹಾರ ನೋಡಿಕೊಳ್ಳುವ ಅಧಿಕಾರಿಯ, ಕರ್ತವ್ಯಗಳನ್ನು ಹೇಳುವ ಅಧ್ಯಾಯದಲ್ಲಿ ದ್ರಾಕ್ಷಿಯ ರಸದಿಂದಾದ ಮದ್ಯಕ್ಕೆ ಮಧು ಎಂದು ಹೆಸರಿಟ್ಟು, ಹುಟ್ಟಿದ ಸೀಮೆಯ ಪ್ರಕಾರ ಅದನ್ನು ಕಾಪಿಶಾಯನ, ಹಾರಹೂರಕ ಎಂದು ಗುರುತಿಸಲಾಗಿದೆ. ವೈನನ್ನು ಊರಿನ ಹೆಸರಿನಿಂದ ಕರೆಯುವ ಪದ್ಧತಿಗೆ ಫ್ರಾನ್ಸು 1935ರಲ್ಲಿ ರಾಷ್ಟ್ರಮಟ್ಟದ ಕಾನೂನಿನ ಚೌಕಟ್ಟು ಹಾಕಿತು. ಕೌಟಿಲ್ಯನಷ್ಟು ಹಿಂದಕ್ಕೆ ಹೋಗಬೇಕಾಗಿಯೂ ಇಲ್ಲ. ರಸಿಕನ ಅಜ್ಜಿ, ಮಡಿಯಲ್ಲಿದ್ದು ಈರುಳ್ಳಿಯನ್ನೂ ಮುಟ್ಟದಿದ್ದವರು, ಊಟವಾದ ಮೇಲೆ ವೈದ್ಯರು ಹೇಳಿದಷ್ಟು ದ್ರಾಕ್ಷಾರಿಷ್ಟವನ್ನು ತಪ್ಪದೆ ಸೇವಿಸುತ್ತಿದ್ದರು. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಧಾತಕೀ ಹೂವು, ಮಸಾಲೆಗಳನ್ನು ಹಾಕಿ ಹುದುಗಿಸುವ ಆ ಔಷಧದಲ್ಲಿ ಮದ್ಯಸಾರ ತನ್ನಿಂದ ತಾನೇ ಹುಟ್ಟುತ್ತದೆ. ಅಜ್ಜಿ ಮೂಸಿಯೂ ನೋಡದೆ ಗುಟುಕರಿಸಿ, ಬಾಯಿ ತೊಳೆದುಕೊಂಡು, ಒಳ್ಳೆಯ ನಿದ್ದೆ ಬರುತ್ತದೆಂದಷ್ಟೇ ಹೇಳುತ್ತಿದ್ದರು.

ವರ್ಷಕ್ಕೊಮ್ಮೆ, ಊರಿನಿಂದ ಬಂದ ತಂದೆಯನ್ನು ಮನೆಯಲ್ಲೊಬ್ಬರನ್ನೇ ಬಿಡಲಾಗದೆ ಜೊತೆಗೆ ಕರೆತರುವ ಸಂದರ್ಭ ರಸಿಕನಿಗೆ ಒದಗುತ್ತದೆ. ಪಂಚೆ, ಶಾಲಿನ ಈ ಹಿರಿಯರು ಟೆರ್ವಾರ್ ಮುಗಿಯುವವರೆಗೆ ಸುಮ್ಮನಿದ್ದು, ಎಲೆಗಳ ಮೇಲಿನ ತಿಳಿನೀಲಿ ಕಲೆಗಳನ್ನು ಬೆರಳಿನಿಂದ ಒರೆಸಿ ನೋಡಿ, ತೋಟ ತೋರಿಸುವ ಹುಡುಗನನ್ನು ಹತ್ತಿರ ಕರೆಯುತ್ತಾರೆ. ಆ ಕಲೆಗಳು ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದವು. 1880ರ ದಶಕದಲ್ಲಿ ಅಮೆರಿಕದಿಂದ ಬಂದ ಶಿಲೀಂಧ್ರ ರೋಗ ಫ್ರಾನ್ಸಿನ ಬಳ್ಳಿಗಳನ್ನು ಬೋಳು ಮಾಡುತ್ತಿದ್ದಾಗ, ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಬಳಿದಿದ್ದ ಈ ಅಸಹ್ಯ ಬಣ್ಣದ ಮಿಶ್ರಣವೇ ಎಲೆಗಳನ್ನು ಉಳಿಸಿದ್ದನ್ನು ಬೋರ್ಡೋದ ಪ್ರಾಧ್ಯಾಪಕ ಮಿಲಾರ್ಡೆ ಗಮನಿಸಿದರು. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಯನ್ನು ಕಟ್ಟಿದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಫ್ರಾನ್ಸಿನ ವೈನನ್ನು ಬದುಕಿಸಿದ ಮದ್ದನ್ನು ಈ ಹಿರಿಯರು ಪ್ರತಿ ಮಳೆಗಾಲ ಮರವೇರುವ ಕೊನೆಗೌಡನಿಂದ ಅಡಿಕೆಗೊನೆಗಳಿಗೆ ಹೊಡೆಸುತ್ತ ಬಂದಿದ್ದಾರೆ, ಆ ಅಡಿಕೆಯ ಹಣದಲ್ಲಿಯೇ ರಸಿಕನು ಇಂಜಿನಿಯರಿಂಗ್ ಓದಿದ್ದಾನೆ.

"ಸುಣ್ಣ ಎಷ್ಟು ಹಾಕ್ತೀರಿ ಮಾರಾಯ?" ಎಂದು ಇವರು ಕೇಳುತ್ತಾರೆ. "ತುತ್ತದಷ್ಟೇ ಯಜಮಾನ್ರೇ, ನೂರು ಲೀಟರಿಗೆ ಒಂದೊಂದು ಕೆ.ಜಿ.," ಎಂದು ಹುಡುಗ ಹೇಳುತ್ತಾನೆ, ಅವನ ಮನೆಯಲ್ಲಿಯೂ ಬೆಂಗಳೂರು ನೀಲಿಯ ಚಪ್ಪರವಿದೆ. ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ತಿಳಿಯುವ ಪರೀಕ್ಷೆ, ತುತ್ತದ ಬೆಲೆ, ಕೂಲಿಯಾಳುಗಳ ಅಭಾವ, ಅಕಾಲದ ಮಳೆ ಇವುಗಳ ಚರ್ಚೆಯಲ್ಲಿ ಇಬ್ಬರೂ ಹಿಂದುಳಿಯುತ್ತಾರೆ, ಹುಡುಗನಿಲ್ಲದೆ ಗುಂಪು ಪೀಪಾಯಿಗಳ ಕೋಣೆಯ ಬಾಗಿಲಲ್ಲಿ ಕಾಯುತ್ತ ನಿಲ್ಲುತ್ತದೆ.

ಕೊನೆಗೆ ರುಚಿಯ ಮೇಜಿನಲ್ಲಿ, ಎಲ್ಲರ ಒತ್ತಾಯಕ್ಕೆ ಒಳಗಾಗಿ, ಔಷಧವೆಂದು ಭಾವಿಸಿ, ಹಿರಿಯರು ಕೆಂಪು ವೈನನ್ನು ಒಂದೇ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ನಾಲಿಗೆಯ ಮೇಲಿಟ್ಟುಕೊಂಡು, ತಾವಾಗಿಯೇ ಎದ್ದು ಪಕ್ಕದ ಪಾತ್ರೆಗೆ ಅಚ್ಚುಕಟ್ಟಾಗಿ ಉಗುಳಿ ಬಂದು, "ಚೊಗರು ಹದವಾಗಿ ಬಂದಿದೆ, ಮೆಣಸು ಮಾತ್ರ ಸ್ವಲ್ಪ ಮುಂದಾಯ್ತು," ಎನ್ನುತ್ತಾರೆ. ಆ ರಾತ್ರಿ ರಸಿಕನು ಚರ್ಮದ ಹೊದಿಕೆಯ ತನ್ನ ಟಿಪ್ಪಣಿ ಪುಸ್ತಕದಲ್ಲಿ, ಶಿರಾಜ್ ಎಂಬ ಶೀರ್ಷಿಕೆಯ ಕೆಳಗೆ, ಟ್ಯಾನಿನ್ ಸಮತೋಲನ ಪ್ರಶಂಸನೀಯ, ಕರಿಮೆಣಸಿನ ಛಾಯೆ ತುಸು ಪ್ರಬಲ ಎಂದು ಬರೆದು, ದಿನಾಂಕ ಹಾಕಿ, ತನ್ನ ಸಹಿ ಮಾಡುತ್ತಾನೆ.