ಹುಲ್ಲುಹಾಸಿನ ಧರ್ಮಶಾಸ್ತ್ರಿ

ಅಮೆರಿಕದ ಟೆಕ್ಸಸ್ ರಾಜ್ಯದ ಡಾಲಸ್ ನಗರಕ್ಕೂ ಅದರ ಉತ್ತರಕ್ಕೆ ಒತ್ತಾಗಿ ಬೆಳೆದಿರುವ ಪ್ಲೇನೊ, ಫ್ರಿಸ್ಕೊ, ಮೆಕಿನಿ ಮೊದಲಾದ ಊರುಗಳಿಗೂ ನಡುವೆ ಬಯಲಾಗಲಿ ಹೊಳೆಯಾಗಲಿ ಇಲ್ಲದಿರುವುದರಿಂದ ಹೊಸಬರಿಗೆ ಒಂದೂರು ಮುಗಿದು ಇನ್ನೊಂದು ಶುರುವಾದದ್ದು ತಿಳಿಯುವುದೇ ಇಲ್ಲ. ಆದರೆ ಅಲ್ಲಿ ಮನೆ ಕೊಂಡು ನೆಲೆಸಿದ ನಡುವಯಸ್ಸಿನ ಕನ್ನಡಿಗರಲ್ಲಿ ಈ ಗಡಿಯನ್ನು ನಿತ್ಯವೂ ಕಾಣಬಲ್ಲ ಒಂದು ವರ್ಗವಿದ್ದು, ಆ ವರ್ಗದ ಪುರುಷನನ್ನು ಅನುಕೂಲಕ್ಕಾಗಿ ಹುಲ್ಲುಹಾಸಿನ ಧರ್ಮಶಾಸ್ತ್ರಿ ಎಂದು ಕರೆಯಬಹುದು. ವೃತ್ತಿಯಿಂದ ಸಾಫ್ಟ್‌ವೇರ್ ಎಂಜಿನಿಯರಾದ ಈತ ಯಾವ ಊರಿನಲ್ಲಿ ಯಾವ ವಾರ, ಯಾವ ಹೊತ್ತಿನಲ್ಲಿ ಅಂಗಳದ ಹುಲ್ಲಿಗೆ ನೀರು ಬಿಡಬಹುದೆಂಬುದನ್ನು ಬಾಯಿಪಾಠ ಮಾಡಿಕೊಂಡಿರುತ್ತಾನೆ; ಕೇಳಿದವರಿಗೂ ಹೇಳುತ್ತಾನೆ, ಕೇಳದವರಿಗೆ ಇನ್ನೂ ವಿವರವಾಗಿ ಹೇಳುತ್ತಾನೆ.

ಶಾಸ್ತ್ರವೇನೋ ಗಹನವಾದದ್ದೇ. ಡಾಲಸ್ ನಗರವು 2012ರಲ್ಲಿ ಶಾಶ್ವತಗೊಳಿಸಿದ ನಿಯಮದಂತೆ ಸ್ಪ್ರಿಂಕ್ಲರಿನಿಂದ, ಎಂದರೆ ನೆಲದೊಳಗಿನಿಂದ ತಲೆಯೆತ್ತಿ ನೀರು ಚಿಮ್ಮಿಸುವ ಕೊಳವೆಗಳಿಂದ, ವಾರಕ್ಕೆ ಎರಡೇ ದಿನ ನೀರು ಹಾಯಿಸಬಹುದು: ಮನೆಯ ನಂಬರು ಸಮವಾಗಿದ್ದರೆ ಗುರುವಾರ ಮತ್ತು ಭಾನುವಾರ, ಬೆಸವಾಗಿದ್ದರೆ ಬುಧವಾರ ಮತ್ತು ಶನಿವಾರ, ಏಪ್ರಿಲಿನಿಂದ ಅಕ್ಟೋಬರಿನವರೆಗೆ ಬೆಳಗಿನ ಹತ್ತರಿಂದ ಸಂಜೆ ಆರರ ತನಕ ಯಾವ ನಂಬರಿಗೂ ನಿಷಿದ್ಧ. ಫ್ರಿಸ್ಕೊದಲ್ಲಾದರೋ ಸಮ ಬೆಸಗಳ ಲೆಕ್ಕವಿಲ್ಲ, ಕಸದ ಗಾಡಿ ಬರುವ ದಿನವೇ ನೀರಿನ ದಿನ. ಸ್ಮಾರ್ತರಿಗೆ ಒಂದು ದಿನ, ವೈಷ್ಣವರಿಗೆ ಮರುದಿನ ಏಕಾದಶಿ ಬಂದಾಗ ಊರಿನ ಹಿರಿಯರು ಪಂಚಾಂಗ ಬಿಡಿಸಿ ಕೂರುತ್ತಿದ್ದಂತೆ ಶಾಸ್ತ್ರಿಯೂ ಶನಿವಾರದ ಪಾಟ್‌ಲಕ್ಕಿನಲ್ಲಿ, ಎಂದರೆ ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಕೂಟದಲ್ಲಿ, ಬಿಸಿಬೇಳೆಬಾತಿನ ತಟ್ಟೆ ಹಿಡಿದೇ ಈ ಭೇದಗಳನ್ನು ಮಂಡಿಸುತ್ತಾನೆ.

ಒಂದೇ ಬಿಸಿಲು, ಒಂದೇ ಮಣ್ಣು, ಒಂದೇ ಹುಲ್ಲು ಇರುವಲ್ಲಿ ನಿಯಮವೇಕೆ ಎರಡು ಎಂಬ ಪ್ರಶ್ನೆ ಏಳುವುದನ್ನೇ ಆತ ಕಾಯುತ್ತಿರುತ್ತಾನೆ, ಏಕೆಂದರೆ ಉತ್ತರವು ನೆಲದ ಮೇಲಿಲ್ಲ, ಪೈಪಿನ ಇನ್ನೊಂದು ತುದಿಯಲ್ಲಿದೆ. ಡಾಲಸ್ ತನ್ನದೇ ಜಲಾಶಯಗಳನ್ನು ನೆಚ್ಚಿಕೊಂಡಿದ್ದರೆ, ಉತ್ತರದ ಊರುಗಳು ನಾರ್ತ್ ಟೆಕ್ಸಸ್ ಮುನಿಸಿಪಲ್ ವಾಟರ್ ಡಿಸ್ಟ್ರಿಕ್ಟ್ ಎಂಬ ಸಗಟು ನೀರು ಪೂರೈಸುವ ಸಂಸ್ಥೆಯಿಂದ ನೀರು ಕೊಳ್ಳುತ್ತವೆ. 2009ರಲ್ಲಿ ಒಕ್ಲಹೋಮ ಗಡಿಯ ಟೆಕ್ಸೋಮ ಸರೋವರದಲ್ಲಿ ಜೀಬ್ರಾ ಮಸಲ್ ಎಂಬ ಪಟ್ಟೆಪಟ್ಟೆಯ ಕಪ್ಪೆಚಿಪ್ಪು ಕಾಣಿಸಿಕೊಂಡಿತು. ಪೈಪುಗಳೊಳಗೆ ಕಚ್ಚಿಕೊಂಡು ಬೆಳೆಯುವ ಈ ಜೀವಿಯನ್ನು ರಾಜ್ಯದ ಗಡಿ ದಾಟಿಸುವುದು ಕೇಂದ್ರ ಕಾನೂನಿನ ಪ್ರಕಾರ ಅಪರಾಧವಾದ್ದರಿಂದ ಆ ಸಂಸ್ಥೆ ಅಲ್ಲಿಂದ ನೀರೆತ್ತುವುದನ್ನೇ ನಿಲ್ಲಿಸಬೇಕಾಯಿತು. ವೈಲಿ ಎಂಬಲ್ಲಿನ ಶುದ್ಧೀಕರಣ ಘಟಕಕ್ಕೆ ನೇರವಾಗಿ ಕೊಳವೆ ಹಾಕಿ 2014ರಲ್ಲಿ ಮತ್ತೆ ನೀರು ಹರಿಸುವ ವೇಳೆಗೆ ಬರವೂ ಸೇರಿಕೊಂಡು, ಆ ವರ್ಷ ಡಾಲಸಿನವರು ವಾರಕ್ಕೆರಡು ಸಲ ಹುಲ್ಲು ತೋಯಿಸುತ್ತಿದ್ದರೆ ಉತ್ತರದವರಿಗೆ ಎರಡು ವಾರಕ್ಕೊಮ್ಮೆ ಮಾತ್ರ ಅಪ್ಪಣೆಯಿತ್ತು. ಬೆರಳುಗುರಿನಷ್ಟಿರುವ ಚಿಪ್ಪಿನ ಈ ಪುರಾಣವನ್ನು ಶಾಸ್ತ್ರಿ ಹೇಳತೊಡಗಿದಾಗ ಅವನ ಹೆಂಡತಿ ಪಾಯಸ ತರುವ ನೆಪದಿಂದ ಒಳಗೆ ಹೋಗುವುದು ವಾಡಿಕೆ.

ಆಚರಣೆಯಲ್ಲಿ ಆತ ನಿಷ್ಠಾವಂತ. ಗ್ಯಾರೇಜಿನ ಗೋಡೆಗೆ ಜಡಿದ ಕಂಟ್ರೋಲರ್ ಎಂಬ ಪೆಟ್ಟಿಗೆಯಲ್ಲಿ ಅಂಗಳವನ್ನು ಝೋನುಗಳಾಗಿ ವಿಂಗಡಿಸಿ ಒಂದೊಂದಕ್ಕೂ ಇಷ್ಟಿಷ್ಟು ನಿಮಿಷವೆಂದು ಗೊತ್ತುಮಾಡಿದ್ದರೂ, ನಸುಕಿನಲ್ಲೆದ್ದು ಕಿಟಕಿಯ ಬ್ಲೈಂಡ್ಸ್ ಸಂದಿಯಿಂದ ನೋಡುವುದು ತನ್ನ ಸ್ಪ್ರಿಂಕ್ಲರನ್ನಲ್ಲ, ಎದುರುಮನೆಯದನ್ನು. ಆ ಮನೆ ರಸ್ತೆಯಾಚೆಗಿದ್ದು ಬೇರೆ ಊರಿಗೆ ಸೇರಿದ್ದರೆ ಸಂಕಟ ಇಮ್ಮಡಿಯಾಗುತ್ತದೆ, ಏಕೆಂದರೆ ಆಗ ದೂರು ಕೊಡಲು ಆಸ್ಪದವೇ ಇರುವುದಿಲ್ಲ.

ಇಷ್ಟೆಲ್ಲ ಉಪಚಾರ ಪಡೆಯುವ ಹುಲ್ಲು ಬಹುಮಟ್ಟಿಗೆ ಬರ್ಮುಡಾ ಜಾತಿಯದು, ಎಂದರೆ ನಮ್ಮ ಗರಿಕೆಯೇ; ದಾವಣಗೆರೆಯ ಹೊಲದಲ್ಲಿ ಶಾಸ್ತ್ರಿಯ ತಂದೆ ಆಯುಷ್ಯವಿಡೀ ಕಿತ್ತೆಸೆದ ಕಳೆ, ಗಣೇಶ ಚೌತಿಗೆ ಮಾತ್ರ ಮರ್ಯಾದೆ ಪಡೆದದ್ದು. ಅದು ಒಣಗಿತೆಂದರೆ ಬಡಾವಣೆಯ ಮನೆಮಾಲೀಕರ ಸಂಘದಿಂದ ಕಾಗದ ಬರುತ್ತದೆ. ಬರ ತಾಳುವ ಗಿಡಗಳನ್ನು ಇಂಥ ಸಂಘಗಳು ನಿಷೇಧಿಸಕೂಡದೆಂದು 2013ರಲ್ಲೇ ರಾಜ್ಯವು ಕಾನೂನು ಮಾಡಿದ್ದರೂ ಶಾಸ್ತ್ರಿ ಗರಿಕೆ ಬಿಡಲೊಲ್ಲ. ಹುಲ್ಲೇ ಇಲ್ಲದ ಮೇಲೆ ನಿಯಮ ಪಾಲಿಸುವುದಾದರೂ ಯಾವುದಕ್ಕೆ?

ಊರಿನಿಂದ ಬರುವ ತಂದೆಗೆ ಇವೆಲ್ಲಕ್ಕಿಂತ ಸೋಜಿಗವೆನಿಸುವುದು ಮನೆಯ ಅಡಿಪಾಯಕ್ಕೂ ನೀರುಣಿಸುವ ಪದ್ಧತಿ. ಅಲ್ಲಿನ ನೆಲ ಧಾರವಾಡ ಸೀಮೆಯ ಎರೆಮಣ್ಣಿನಂತೆ ಬೇಸಗೆಯಲ್ಲಿ ಬಿರಿದು ಕುಗ್ಗಿ ಗೋಡೆಗಳನ್ನೇ ಸೀಳುವುದರಿಂದ, ಮನೆಯ ಸುತ್ತ ಜಿನುಗುವ ಪೈಪು ಸುತ್ತಿಡುತ್ತಾರೆ. ಹುಲ್ಲಿಗಿರುವ ನಿರ್ಬಂಧ ಇದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ತಂದೆ ಇದನ್ನು ಒಪ್ಪುತ್ತಾರೆ, ಎರೆಯ ಗುಣ ಬಲ್ಲವರು. ತಾಯಿ ಒಪ್ಪುವುದಿಲ್ಲ. ಹಿತ್ತಲಿನ ಕುಂಡದಲ್ಲಿರುವ ಕರಿಬೇವಿಗೆ ಹೊತ್ತುಗೊತ್ತಿಲ್ಲದೆ ನೀರೆರೆಯುವ ಆಕೆಯನ್ನು ಶಾಸ್ತ್ರಿ ತಡೆದಾಗ, “ಅಕ್ಕಿ ತೊಳೆದ ನೀರಿಗೂ ವಾರ ನೋಡ್ಬೇಕೇನೋ?” ಎಂಬ ಪ್ರಶ್ನೆ ಬರುತ್ತದೆ. ಶಾಸ್ತ್ರಿ ನಗುವುದಿಲ್ಲ. ಕೈಯಿಂದ ಗಿಡಕ್ಕೆ ನೀರು ಹಾಕಲು ಯಾವ ದಿನವೂ ಅಡ್ಡಿಯಿಲ್ಲವೆಂದು ಬಲ್ಲನಾದರೂ, ನಿಯಮದಲ್ಲಿ ಹೇಳಿರುವುದು ತುದಿಯಲ್ಲಿ ಬಂದ್ ಮಾಡುವ ಹಿಡಿಯಿರುವ ಪೈಪನ್ನೇ ಹೊರತು ಚೊಂಬನ್ನಲ್ಲವೆಂಬುದು ಅವನ ಗಮನಕ್ಕೆ ಬರುತ್ತದೆ. ಚೊಂಬಿನ ಸ್ಥಾನಮಾನ ಕೇಳಿ ನಗರದ ಜಲವಿಭಾಗಕ್ಕೆ ಇಮೇಲ್ ಹೋಗುತ್ತದೆ, ಉತ್ತರ ಬರುವವರೆಗೆ ಅಕ್ಕಿ ತೊಳೆದ ನೀರು ಬಕೆಟ್ಟಿನಲ್ಲೇ ಇರತಕ್ಕದ್ದೆಂದು ಅಡುಗೆಮನೆಗೆ ಆಜ್ಞೆಯಾಗುತ್ತದೆ.