ಮಾವನವರ ಹೀಟರು

ಧನುರ್ಮಾಸದ ಬೆಳಗಿನ ಜಾವ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿದೊಡನೆಯೇ ಕುಲಾವಿ, ಮಫ್ಲರು, ಶಾಲುಗಳಿಂದ ಸರ್ವಾಂಗಭೂಷಿತರಾಗಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಂಚರಿಸುವ ಮೈಸೂರಿನ ಮಹನೀಯರಲ್ಲಿ ಅಗ್ರಗಣ್ಯರಾದ ನಮ್ಮ ಸೋದರಮಾವನವರು, ಶೀತನಿವಾರಣಾರ್ಥವಾಗಿ ರೂಮ್ ಹೀಟರೊಂದನ್ನು ತರಿಸಿ ಚಾಮರಾಜಪುರದ ತಮ್ಮ ಹಳೆಯ ಮನೆಯಲ್ಲಿ ಪ್ರತಿಷ್ಠಾಪಿಸಿದರು. ಆ ಮನೆಯನ್ನು ಕಟ್ಟಿಸಿದವರು ನಡುಮನೆಗೊಂದೇ ಪ್ಲಗ್ಗು ಸಾಕೆಂಬ ಮಿತವ್ಯಯದ ಕಾಲದವರಾದುದರಿಂದ, ವಿದ್ಯುತ್ತು ಎಕ್ಸ್‌ಟೆನ್ಷನ್ ಬಾಕ್ಸಿನ ತಂತಿಯಲ್ಲಿ ಜಮಖಾನೆಯ ಕೆಳಗೆ ಗುಪ್ತಗಾಮಿನಿಯಾಗಿ ಹರಿದು ಬರಬೇಕಾಯಿತು. ಹೀಟರಿನ ದಪ್ಪ ಕಾಲುಗಳ ಪ್ಲಗ್ಗು ಬಾಕ್ಸಿನ ಸಣ್ಣ ತೂತುಗಳಿಗೆ ಇಳಿಯಲೊಲ್ಲೆನೆಂದು ಹಟ ಹಿಡಿದು ನೀಡಿದ ಸದುಪದೇಶವನ್ನು ಮಾವನವರು ಕನ್ವರ್ಟರ್ ಒಂದನ್ನು ಸಿಕ್ಕಿಸಿ ಅಡಗಿಸಿದರು.

“ತೂತು ನಾಲ್ಕಿರುವಾಗ ನಾಲ್ಕಕ್ಕೂ ಶಕ್ತಿ ಇದ್ದೇ ಇರುತ್ತದೆ” ಎಂಬುದು ಅವರ ಮೀಮಾಂಸೆ; ಎಲೆ ಹಾಕಿದ ಮಾತ್ರಕ್ಕೆ ಒಳಗೆ ಅನ್ನ ಬೆಂದಿದೆಯೆಂದು ಭಾವಿಸುವ ಅತಿಥಿಯ ತರ್ಕ. ಬಾಕ್ಸಿನ ಬೆನ್ನ ಮೇಲೆ ಬರೆದಿದ್ದುದು 6 ಆಂಪಿಯರ್. 2000 ವಾಟಿನ ಹೀಟರು 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 8.7. ತಂತಿಯ ಕಾವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅಷ್ಟು ಹೆಚ್ಚಳಕ್ಕೇ ಕಾವು ಇಮ್ಮಡಿಯನ್ನು ಮೀರುತ್ತದೆ. ಪರಿಣಾಮವಾಗಿ ಮಾವನವರಿಗಿಂತ ಮೊದಲು ಜಮಖಾನೆ ಬೆಚ್ಚಗಾಯಿತು. ಕಮಟು ವಾಸನೆ ಹಬ್ಬಿದಾಗ ಅವರು ಕುಳಿತಲ್ಲಿಂದಲೇ, “ಹುಗ್ಗಿ ತಳ ಹಿಡೀತು ನೋಡೇ!” ಎಂದು ಗರ್ಜಿಸಿದರು. ಹುಗ್ಗಿ ಇನ್ನೂ ಒಲೆಯನ್ನೇ ಏರಿರಲಿಲ್ಲ.

ಸ್ವಿಚ್ಚು ಆರಿಸಿದ ಮೇಲೂ ವಾದ ಆರಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗೂ 1908ರಲ್ಲಿ ಮೈಸೂರಿಗೂ ಬಂದ ವೃತ್ತಾಂತವನ್ನು ಸವಿಸ್ತಾರವಾಗಿ ನಿರೂಪಿಸಿ, “ಅರಮನೆಗೆ ಹತ್ತಿರ ಹತ್ತಿರ ಲಕ್ಷ ದೀಪ ತಡೆಯುತ್ತದೆ, ನನ್ನದೊಂದು ಹೀಟರು ತಡೆಯದೋ?” ಎಂದು ಕೇಳಿದರು. ಅತ್ತೆಯವರು, “ಅರಮನೆಯೋರು ಜಮಖಾನೆ ಕೆಳಗೆ ತಂತಿ ಎಳೆದಿಲ್ಲಾರೀ” ಎಂದರು. ಮರದ ಹಳೆಯ ಅರಮನೆ 1897ರಲ್ಲಿ, ಊರಿಗೆ ವಿದ್ಯುತ್ತು ಕಾಲಿಡುವ ಮುನ್ನವೇ, ರಾಜಕುಮಾರಿಯ ಮದುವೆಯ ಸಂಭ್ರಮದ ನಡುವೆ ಭಸ್ಮವಾದುದನ್ನು ನಾನು ನೆನಪಿಸಹೋಗಿ, ಅಶುಭವಾಡಿದನೆಂದು ಇಬ್ಬರಿಂದಲೂ ಬೈಸಿಕೊಂಡೆನು.

ಕಡೆಗೆ ಎಲೆಕ್ಟ್ರಿಷಿಯನ್ ಬಂದು, ಬಾಕ್ಸನ್ನು ಕಿತ್ತೊಗೆದು, ಮೀಟರ್ ಬೋರ್ಡಿನಿಂದಲೇ ದಪ್ಪ ತಂತಿ ಎಳೆದು ಗೋಡೆಗೆ 16 ಆಂಪಿಯರಿನ ಪಾಯಿಂಟು ಕೂರಿಸಿದನು. ಪರದೆ, ಹಾಸಿಗೆಗಳಿಂದ ಹೀಟರು ಮೂರಡಿ ದೂರವಿರಲೆಂದೂ, ಮಲಗುವಾಗ ಆರಿಸಬೇಕೆಂದೂ ಅಪ್ಪಣೆ ಮಾಡಿದನು. ಅವನು ಇಂದು ಬಂದೆ, ನಾಳೆ ಬಂದೆ ಎನ್ನುವಷ್ಟರಲ್ಲಿ ಶಿವರಾತ್ರಿ ಕಳೆದು, ಚಳಿ ಶಿವಶಿವಾ ಎಂದು ಓಡಿಹೋಗಿತ್ತು. ಮಾವನವರು ಈಗ ಆ ಪಾಯಿಂಟಿಗೆ ಒಪ್ಪುವ ಏರ್‌ಕೂಲರನ್ನು ವಿಚಾರಿಸುತ್ತಿದ್ದಾರೆ.